ಬ್ರೂಕ್ ಆಸ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಯಾರ್ಕಿನ ಬ್ರೂಕ್ ಆಸ್ಟರ್ ಅವರ ಹೆಸರೆತ್ತಿದರೆ ಸಾಕು, ಎರಡು ಬಗೆಯ ಪ್ರಶ್ನೆಗಳು ಬರುತ್ತವೆ. ಅಷ್ಟೊಂದು ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಒಂದು. ಕೊನೆಗಾಲದಲ್ಲಿ ಮಗನಿಗೂ ಅವರಿಗೂ ನಡುವೆ ಏನಾಯಿತು ಎಂಬುದು ಇನ್ನೊಂದು. ಎರಡನೆಯದನ್ನು ಕೇಳುವವರೇ ಹೆಚ್ಚು. ನನಗೆ ಸ್ವಾರಸ್ಯವೆನಿಸುವುದು ಮೊದಲನೆಯದು. ಉತ್ತರಗಳ ಉದ್ದಗಿಡ್ಡದಲ್ಲಿ ಆ ಒಲವು ಕಂಡರೆ ಕ್ಷಮಿಸಿ.

ಬ್ರೂಕ್ ಆಸ್ಟರ್ ಯಾರು?

1902ರ ಮಾರ್ಚ್ 30ರಂದು ಹುಟ್ಟಿ, 2007ರ ಆಗಸ್ಟ್ 13ರಂದು 105ನೇ ವಯಸ್ಸಿನಲ್ಲಿ ತೀರಿಕೊಂಡ ಅಮೆರಿಕದ ಸಿರಿವಂತ ಮಹಿಳೆ. ಗಂಡ ಬಿಟ್ಟುಹೋದ ಪ್ರತಿಷ್ಠಾನದ ಮೂಲಕ ಸುಮಾರು 19.5 ಕೋಟಿ ಡಾಲರ್ ಹಣವನ್ನು, ಬಹುಪಾಲು ನ್ಯೂಯಾರ್ಕ್ ನಗರಕ್ಕೇ, ಕೊಟ್ಟು ಮುಗಿಸಿದವರು. 'ಕೊಟ್ಟು ಮುಗಿಸಿದವರು' ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಿ. ಅದರ ವಿವರ ಮುಂದೆ ಬರುತ್ತದೆ.

ಹುಟ್ಟಿನಿಂದಲೇ ಆಗರ್ಭ ಶ್ರೀಮಂತರೇ?

ಅಲ್ಲ. ತಂದೆ ಜಾನ್ ರಸೆಲ್ ಅಮೆರಿಕದ ಮೆರೀನ್ ಪಡೆಯ ಅಧಿಕಾರಿ. ಮುಂದೆ 1934ರಲ್ಲಿ ಆ ಪಡೆಯ ಮುಖ್ಯಸ್ಥರೇ ಆದರು. ಆದರೂ ಅದು ಸಂಬಳದ ಮನೆ. ಮಗಳು ಹುಟ್ಟಿದ್ದು ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್‌ನಲ್ಲಿ. ಪೂರ್ತಿ ಹೆಸರು ರಾಬರ್ಟಾ ಬ್ರೂಕ್ ರಸೆಲ್. ಒಬ್ಬಳೇ ಮಗಳು. ಅಪ್ಪನಿಗೆ ವರ್ಗವಾದಲ್ಲೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಡುವ ಬಾಲ್ಯ. 1910ರ ಕೊನೆಯಲ್ಲಿ ರಸೆಲ್ ಪೀಕಿಂಗ್‌ನ (ಇಂದಿನ ಬೀಜಿಂಗ್) ಅಮೆರಿಕನ್ ದೂತಾವಾಸದ ಕಾವಲು ಪಡೆಗೆ ದಂಡಾಧಿಕಾರಿಯಾಗಿ ಹೋದರು. ಎಂಟು ವರ್ಷದ ಹುಡುಗಿ ಅಲ್ಲಿದ್ದಾಗಲೇ ಚೀನಾದ ಕೊನೆಯ ರಾಜವಂಶ ಉರುಳಿತು. ಅಲ್ಲಿ ಕಂಡ ಅಂಗಳಗಳು, ಕಲ್ಲುಗಳು, ಗೋಡೆಯೊಳಗಿನ ತೋಟಗಳು ಮನಸ್ಸಿನಲ್ಲಿ ಉಳಿದುಬಿಟ್ಟವು. ಎಪ್ಪತ್ತು ವರ್ಷಗಳ ನಂತರ ಆ ನೆನಪು ಮ್ಯಾನ್‌ಹಟನ್‌ನಲ್ಲಿ ಕಲ್ಲು ಮರಗಳ ರೂಪ ಪಡೆಯಿತು.

ಮೂರು ಮದುವೆಯಾದರಂತೆ, ನಿಜವೇ?

ನಿಜ. ಮೊದಲನೆಯದು 1919ರಲ್ಲಿ, ಹದಿನೇಳನೇ ವಯಸ್ಸಿಗೆ. ವರ ಡ್ರೈಡನ್ ಕ್ಯೂಸರ್, ನ್ಯೂಜೆರ್ಸಿಯ ದುಡ್ಡಿನ ಮನೆಯವನು. ಕಾಲೇಜಿನ ನೃತ್ಯಕೂಟವೊಂದರಲ್ಲಿ ಆದ ಪರಿಚಯ. ಆತ ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ತಾನು ಗರ್ಭಿಣಿಯಾಗಿದ್ದಾಗ ಅವನ ಏಟಿಗೆ ದವಡೆ ಮುರಿದಿತ್ತೆಂದು ಬ್ರೂಕ್ ನಂತರ ಹೇಳಿಕೊಂಡಿದ್ದಾರೆ. 1924ರಲ್ಲಿ ಆಂಥೊನಿ ಹುಟ್ಟಿದ. ಒಬ್ಬನೇ ಮಗ. 1930ರಲ್ಲಿ ವಿಚ್ಛೇದನವಾಯಿತು.

ಎರಡನೆಯ ಗಂಡ ಚಾರ್ಲ್ಸ್ ಮಾರ್ಷಲ್. ಮನೆಯವರು, ಗೆಳೆಯರು ಕರೆಯುತ್ತಿದ್ದ ಹೆಸರು ಬಡ್ಡಿ. ಕಸುಬು ಷೇರು ದಲ್ಲಾಳಿಯದು. ಕನ್ನಡ ಓದುಗರಿಗೆ ಇಲ್ಲಿ ನಗು ಬಂದರೆ ತಪ್ಪಿಲ್ಲ. 1932ರಿಂದ 1952ರವರೆಗಿನ ಈ ಇಪ್ಪತ್ತು ವರ್ಷಗಳೇ ತನ್ನ ನಿಜವಾದ ದಾಂಪತ್ಯ ಎಂಬಂತೆ ಬ್ರೂಕ್ ಮಾತನಾಡುತ್ತಿದ್ದರು. ಈ ಅವಧಿಯಲ್ಲೇ 'ಹೌಸ್ ಆ್ಯಂಡ್ ಗಾರ್ಡನ್' ಪತ್ರಿಕೆಯಲ್ಲಿ ಸಂಪಾದಕಿಯಾಗಿ ದುಡಿದರು. ಬಡ್ಡಿ ಹಠಾತ್ತನೆ ತೀರಿಕೊಂಡಾಗ ಅವರ ಕೈಯಲ್ಲಿ ಹೇಳಿಕೊಳ್ಳುವಂತಹ ಹಣವೇನೂ ಇರಲಿಲ್ಲ.

ಮೂರನೆಯವರು ವಿನ್ಸೆಂಟ್ ಆಸ್ಟರ್. ಬಡ್ಡಿ ಸತ್ತು ವರ್ಷ ಕಳೆಯುವುದರೊಳಗೆ, 1953ರ ಅಕ್ಟೋಬರಿನಲ್ಲಿ ಮದುವೆ.

ಹಣಕ್ಕಾಗಿಯೇ ಆದ ಮದುವೆಯೇ ಅದು?

ನ್ಯೂಯಾರ್ಕಿನ ಭೋಜನ ಮೇಜುಗಳ ಸುತ್ತ ಆಗಲೇ ಈ ಗುಸುಗುಸು ಇತ್ತು. ಪ್ರೇಮ ಉಕ್ಕಿ ಹರಿದ ಮದುವೆ ಎಂದು ಬ್ರೂಕ್ ಕೂಡ ಹೇಳಲಿಲ್ಲ. ವಿನ್ಸೆಂಟ್ ಮುಂಗೋಪಿ, ಅನುಮಾನದ ಮನುಷ್ಯ, ಜನ ಸೇರುವುದೆಂದರೆ ಆಗದು. ಹೆಂಡತಿ ಫೋನಿನಲ್ಲಿ ಗೆಳತಿಯರೊಂದಿಗೆ ಹರಟಿದರೂ ಸಹಿಸುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಬ್ರೂಕ್ ಪಿಯಾನೋ ನುಡಿಸಿ ಹಾಡಿ ಅವರನ್ನು ನಗಿಸುತ್ತಿದ್ದರು. ಐದು ವರ್ಷ ಚಿಲ್ಲರೆ ಹೀಗೆ ನಡೆಯಿತು. ಒಬ್ಬ ಕಹಿ ಮನುಷ್ಯನನ್ನು ಆ ವರ್ಷಗಳಲ್ಲಿ ಸಂತೋಷವಾಗಿಡಲು ಅವರು ಪಟ್ಟ ಪಾಡನ್ನು ನೋಡಿದರೆ, ಅದು ಕೂತು ಉಣ್ಣುವ ಸುಖವಾಗಿರಲಿಲ್ಲ ಎಂದಷ್ಟೇ ನಾನು ಹೇಳಬಲ್ಲೆ.

ಆಸ್ಟರ್ ಕುಟುಂಬದ ಹಣ ಎಲ್ಲಿಯದು?

ಮೊದಲು ತುಪ್ಪಳ, ಆಮೇಲೆ ಬಾಡಿಗೆ. ಜರ್ಮನಿಯ ವಾಲ್‌ಡಾರ್ಫ್ ಊರಿನ ಕಟುಕನೊಬ್ಬನ ಮಗ ಜಾನ್ ಜೇಕಬ್ ಆಸ್ಟರ್ ಅಮೆರಿಕಕ್ಕೆ ಬಂದು ತುಪ್ಪಳದ ವ್ಯಾಪಾರದಲ್ಲಿ ಕಾಸು ಮಾಡಿದ. ಆ ಕಾಸನ್ನೆಲ್ಲ ಮ್ಯಾನ್‌ಹಟನ್‌ನ ನೆಲಕ್ಕೆ ಹಾಕಿದ. ಊರು ಬೆಳೆದಂತೆ ನೆಲದ ಬೆಲೆ ಬೆಳೆಯಿತು. 1848ರಲ್ಲಿ ಆತ ಸತ್ತಾಗ ಅಮೆರಿಕದಲ್ಲಿ ಅವನಿಗಿಂತ ಶ್ರೀಮಂತ ಇರಲಿಲ್ಲ. ಆಸ್ಟರ್‌ಗಳಿಗೆ 'ನ್ಯೂಯಾರ್ಕಿನ ಜಮೀನುದಾರರು' ಎಂಬ ಹೆಸರೇ ಬಿತ್ತು. ಅವರ ನೆಲದ ಮೇಲೆದ್ದ ಎಷ್ಟೋ ಕಟ್ಟಡಗಳು ಗಾಳಿ ಬೆಳಕಿಲ್ಲದ ಬಡವರ ವಠಾರಗಳಾಗಿದ್ದವು.

ವಿನ್ಸೆಂಟರ ತಂದೆ, ನಾಲ್ಕನೆಯ ಜಾನ್ ಜೇಕಬ್ ಆಸ್ಟರ್, 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿದರು. ಇಪ್ಪತ್ತರ ಹುಡುಗ ವಿನ್ಸೆಂಟ್ ಕೈಗೆ ಕೋಟಿಗಟ್ಟಲೆ ಡಾಲರ್ ಬಂತು. ಅವರಿಗೆ ಮಕ್ಕಳಿರಲಿಲ್ಲ. 1948ರಲ್ಲಿ ತಮ್ಮ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಸ್ಥಾಪಿಸಿ, ಮಾನವ ಸಂಕಟವನ್ನು ತಗ್ಗಿಸುವುದು ಅದರ ಗುರಿ ಎಂದು ಬರೆಸಿದರು. ಗುರಿ ದೊಡ್ಡದೇ. ಕೆಲಸ ಮಾತ್ರ ಅಷ್ಟಕ್ಕಷ್ಟೇ.

'ಮಿಸೆಸ್ ಆಸ್ಟರ್' ಎಂದರೆ ನಾನೂರು ಜನರ ಪಟ್ಟಿಯವರಲ್ಲವೇ?

ಅವರು ಬೇರೆ. ಅದು ಕ್ಯಾರೊಲಿನ್ ಆಸ್ಟರ್, ವಿನ್ಸೆಂಟರ ಅಜ್ಜಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಪ್ರತಿಷ್ಠಿತರಾದ ಆ ನಾನೂರು ಮಂದಿ ಯಾರು, ಯಾರಲ್ಲ ಎಂದು ತೀರ್ಮಾನಿಸುತ್ತಿದ್ದವರು. ಅವರ ಕೆಲಸ ಬಾಗಿಲು ಹಾಕುವುದು. ಮೊಮ್ಮಗನ ಹೆಂಡತಿ ಅದೇ ಬಿರುದು ಹೊತ್ತು ತದ್ವಿರುದ್ಧ ದಾರಿ ಹಿಡಿದರು. ಹಾಗೆಂದು ಬ್ರೂಕ್ ಔತಣಕೂಟಗಳನ್ನು ಬಿಟ್ಟವರಲ್ಲ. ತೊಂಬತ್ತು ದಾಟಿದ ಮೇಲೂ ಕುಣಿಯಲು ಸಿದ್ಧ. 2002ರಲ್ಲಿ ಅವರ ನೂರನೇ ಹುಟ್ಟುಹಬ್ಬವನ್ನು ಬ್ಯಾಂಕರ್ ಡೇವಿಡ್ ರಾಕ್‌ಫೆಲರ್ ತಮ್ಮ ಕುಟುಂಬದ ಎಸ್ಟೇಟಿನಲ್ಲಿ ಮಾಡಿದರು. ಅತಿಥಿಗಳ ಸಂಖ್ಯೆಯೂ ನೂರು.

ವಿನ್ಸೆಂಟ್ ಆಸ್ಟರ್ ಹೆಂಡತಿಗೆ ಬಿಟ್ಟುಹೋದದ್ದೆಷ್ಟು?

1959ರ ಫೆಬ್ರವರಿಯಲ್ಲಿ ಅವರು ಸತ್ತಾಗ ಬ್ರೂಕ್ ಅವರಿಗೆ ಸುಮಾರು 6 ಕೋಟಿ ಡಾಲರ್, ಪ್ರತಿಷ್ಠಾನಕ್ಕೂ ಹೆಚ್ಚುಕಡಿಮೆ ಅಷ್ಟೇ. ಪ್ರತಿಷ್ಠಾನವನ್ನು ನಡೆಸುವುದರಲ್ಲಿ ನಿನಗೆ ಬಹಳ ಮಜಾ ಸಿಗುತ್ತದೆ ಎಂದು ಬದುಕಿದ್ದಾಗಲೇ ಹೆಂಡತಿಗೆ ಹೇಳಿದ್ದರಂತೆ. ಆ ಮನುಷ್ಯನ ಬಾಯಲ್ಲಿ ಬಂದ ಅಪರೂಪದ ಹಗುರ ಮಾತು.

ಸುಲಭವಾಗಿ ಏನೂ ಕೈಗೆ ಬರಲಿಲ್ಲ. ಟೈಟಾನಿಕ್ ಮುಳುಗಿ ನಾಲ್ಕು ತಿಂಗಳಿಗೆ ಹುಟ್ಟಿದ್ದ ಮಲಸಹೋದರ ಉಯಿಲನ್ನು ಪ್ರಶ್ನಿಸಿದರು. ಸಹಿ ಹಾಕುವಾಗ ವಿನ್ಸೆಂಟರ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂಬುದು ಅವರ ವಾದ. ಕೊನೆಗೆ ಎರಡೂವರೆ ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಈ ವಾದವನ್ನು ನೆನಪಿಟ್ಟುಕೊಳ್ಳಿ. ಐವತ್ತು ವರ್ಷಗಳ ನಂತರ ಇದೇ ಪ್ರಶ್ನೆ ಬ್ರೂಕ್ ಅವರ ಸಹಿಯ ಬಗ್ಗೆಯೇ ಏಳುತ್ತದೆ.

ಹಣ ಯಾರಿಗೆ ಕೊಡಬೇಕೆಂದು ಹೇಗೆ ನಿರ್ಧರಿಸುತ್ತಿದ್ದರು?

ಇದೇ ನನ್ನ ಮೆಚ್ಚಿನ ಪ್ರಶ್ನೆ.

ಮೊದಲ ನಿಯಮ: ಆಸ್ಟರ್ ಹಣ ಬೆಳೆದದ್ದು ನ್ಯೂಯಾರ್ಕಿನ ನೆಲದಿಂದ, ಆದ್ದರಿಂದ ಅದು ಮುಖ್ಯವಾಗಿ ನ್ಯೂಯಾರ್ಕಿನವರಿಗೇ ಸಲ್ಲಬೇಕು. ಬಾಡಿಗೆಯಾಗಿ ಬಂದದ್ದು ಬಾಡಿಗೆದಾರರಿಗೆ ಹಿಂತಿರುಗಿತು ಎಂದುಕೊಳ್ಳಿ. ಎರಡನೆಯದು: ಕಣ್ಣಾರೆ ನೋಡದೆ ಕೊಡುವುದಿಲ್ಲ. ಅರ್ಜಿ ಓದಿ ಚೆಕ್ ಬರೆದು ಕಳಿಸುವವರು ಬಹಳ ಮಂದಿ ಇದ್ದರು. ಬ್ರೂಕ್ ಕಾರು ಹತ್ತಿ ಹೊರಡುತ್ತಿದ್ದರು. ಹಾರ್ಲೆಮ್, ಬ್ರಾಂಕ್ಸ್, ಬ್ರೂಕ್ಲಿನ್, ಎಲ್ಲಿಂದ ಅರ್ಜಿ ಬಂದಿದೆಯೋ ಅಲ್ಲಿಗೆ. ಮೆಟ್ಟಿಲು ಹತ್ತಿ ಒಳಗೆ ಹೋಗಿ, ಇದೇನು ಅದೇನು ಎಂದು ವಿಚಾರಿಸಿ, ಅಲ್ಲಿಯವರು ಕೊಟ್ಟದ್ದನ್ನು ಅವರ ಜೊತೆ ಕೂತು ತಿಂದು ಬರುತ್ತಿದ್ದರು.

ಹೀಗೆ ನೋಡಲು ಹೋದವರಿಗೆ ಮಾತ್ರ ಕಾಣುವ ಸಂಗತಿಗಳಿರುತ್ತವೆ. ವಸತಿರಹಿತರ ಶಿಬಿರದಿಂದ ಹೊರಬಂದು ಹೊಸ ಮನೆ ಸೇರಿದ್ದವರನ್ನು ನೋಡಲು ಹೋದಾಗ ಒಳಗೆ ಏನೂ ಇರಲಿಲ್ಲ. ಸೂರು ಸಿಕ್ಕಿದೆ, ಮಲಗಲು ಮಂಚವಿಲ್ಲ, ಕೂರಲು ಕುರ್ಚಿಯಿಲ್ಲ. ಇಂಥ ಮನೆಗಳಿಗೆ ಪೀಠೋಪಕರಣ ಒದಗಿಸುವ ಯೋಜನೆಗೆ ಪ್ರತಿಷ್ಠಾನ ಹಣ ಹಾಕಿತು. ಬ್ರೂಕ್ಲಿನ್‌ನ ಯುವಜನ ಕೇಂದ್ರಕ್ಕೆ ನೀರು ಕಾಯಿಸುವ ಬಾಯ್ಲರ್, ರಿವರ್‌ಸೈಡ್ ಡ್ರೈವಿನ ವೃದ್ಧರ ಶುಶ್ರೂಷಾಲಯಕ್ಕೆ ಕಿಟಕಿಗಳು, ಬ್ರಾಂಕ್ಸಿನ ವಸತಿರಹಿತರ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಇಳಿದು ಪಾರಾಗುವ ಕಬ್ಬಿಣದ ಮೆಟ್ಟಿಲು: ಇವೂ ಅವರ ಕೊಡುಗೆಗಳೇ. ಬಾಯ್ಲರಿನ ಮೇಲೆ ದಾನಿಯ ಹೆಸರು ಕೆತ್ತುವ ಪದ್ಧತಿ ಎಲ್ಲಿಯೂ ಇಲ್ಲ. ಹಾಗಾಗಿಯೇ ಬಾಯ್ಲರ್ ಕೊಡಲು ದಾನಿಗಳು ಸಾಲುಗಟ್ಟಿ ನಿಲ್ಲುವುದಿಲ್ಲ.

1960ರ ದಶಕದಲ್ಲಿ ಲೋವರ್ ಈಸ್ಟ್ ಸೈಡಿನ ಜೇಕಬ್ ರೀಸ್ ಸರಕಾರಿ ವಸತಿ ಸಮುಚ್ಚಯದ ನಡುವೆ ಒಂದು ಅಂಗಳ ಮಾಡಿಸಿದರು. ಅಧ್ಯಕ್ಷರ ಪತ್ನಿ ಲೇಡಿ ಬರ್ಡ್ ಜಾನ್ಸನ್ 1966ರಲ್ಲಿ ಬಂದು ಉದ್ಘಾಟಿಸಿದರು. ಬೇಲಿ ಹಾಕಿ ಹುಲ್ಲು ಬೆಳೆಸಿ 'ಒಳಗೆ ಬರಬಾರದು' ಎನ್ನುವುದು ಅಂದಿನ ವಸತಿ ಸಮುಚ್ಚಯಗಳ ರೂಢಿ. ಇಲ್ಲಿ ಮಕ್ಕಳು ಹತ್ತಿ ಇಳಿಯುವ ಕಲ್ಲುದಿಬ್ಬಗಳು, ಮುದುಕರು ಕೂರುವ ಜಾಗ, ನಾಟಕ ಆಡುವ ಬಯಲು ರಂಗ ಎಲ್ಲವೂ ಬಂದವು. ವಾಸ್ತುಶಿಲ್ಪಿಗಳು ಇಂದಿಗೂ ನೆನೆಯುವ ಕೆಲಸ ಅದು.

ಮುತ್ತಿನ ಹಾರ, ಹ್ಯಾಟು, ಕೈಗವಸು ತೊಟ್ಟು ಬಡವರ ಬೀದಿಗೆ ಹೋಗುತ್ತಿದ್ದುದು ಆಡಂಬರವಲ್ಲವೇ?

ಈ ಮಾತನ್ನು ಆಗಲೂ ಆಡಿಕೊಂಡವರಿದ್ದರು. ಬ್ರೂಕ್ ಅವರ ಲೆಕ್ಕಾಚಾರ ಬೇರೆ. ಸಿರಿವಂತರ ಪಾರ್ಕ್ ಅವೆನ್ಯೂದ ಊಟಕ್ಕೆ ಸಿಂಗರಿಸಿಕೊಂಡು ಹೋಗಿ, ಹಾರ್ಲೆಮ್‌ಗೆ ಹೇಗೋ ಹೋದರೆ ಅಲ್ಲಿಯವರು ತಮ್ಮನ್ನು ಕೀಳಾಗಿ ಕಂಡಳು ಎಂದುಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ನೆಂಟರ ಮನೆಗೆ ಹೋಗುವಾಗ ನಾವು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆಯುತ್ತೇವಲ್ಲ, ಹಾಗೆ. ಮಿಸೆಸ್ ಆಸ್ಟರ್ ಬರುತ್ತಾರೆ ಎಂದು ಕಾದವರಿಗೆ ಮಿಸೆಸ್ ಆಸ್ಟರೇ ಕಾಣಬೇಕು.

ಇದರಲ್ಲಿ ಸ್ವಲ್ಪ ನಾಟಕ ಇತ್ತು, ಖಂಡಿತ. ಆದರೆ ಬಡತನ ನೋಡಲು ಹೋಗುವಾಗ ಬಡವರಂತೆ ವೇಷ ಹಾಕುವುದೂ ನಾಟಕವೇ. ಎರಡರಲ್ಲಿ ನನಗೆ ಮುತ್ತಿನ ಹಾರವೇ ಪ್ರಾಮಾಣಿಕವಾಗಿ ಕಾಣುತ್ತದೆ.

'ದುಡ್ಡು ಗೊಬ್ಬರವಿದ್ದಂತೆ' ಎಂಬ ಮಾತು ಅವರದೇ?

ಅಲ್ಲ. ಹರಡದಿದ್ದರೆ ದುಡ್ಡೂ ಗೊಬ್ಬರವೂ ಪ್ರಯೋಜನಕ್ಕೆ ಬಾರವು ಎಂಬ ಈ ಮಾತು ಅಮೆರಿಕದ ನಾಟಕವೊಂದರಿಂದ ಬಂದದ್ದು. ಅದಕ್ಕೂ ಹಿಂದೆ ಫ್ರಾನ್ಸಿಸ್ ಬೇಕನ್ ಇದೇ ಅರ್ಥದ್ದನ್ನು ಬರೆದಿದ್ದಾರೆ. ಬ್ರೂಕ್ ಅದನ್ನು ಎಲ್ಲೆಲ್ಲೂ ಹೇಳುತ್ತಿದ್ದುದರಿಂದ ಅವರ ಹೆಸರಿಗೇ ಅಂಟಿಕೊಂಡಿತು. ಹೊಲಕ್ಕೆ ಹೋಗದ ಗೊಬ್ಬರ ತಿಪ್ಪೆಯಲ್ಲೇ ನಾರುತ್ತದೆ ಎಂದು ಬೇಸಾಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೂ ಅವರಿಗೂ ಏನು ಸಂಬಂಧ?

ಮೊದಲ ಜಾನ್ ಜೇಕಬ್ ಆಸ್ಟರ್ ತನ್ನ ಉಯಿಲಿನಲ್ಲಿ ಗ್ರಂಥಾಲಯಕ್ಕೆಂದು 4 ಲಕ್ಷ ಡಾಲರ್ ಬಿಟ್ಟಿದ್ದ. ಆ ಆಸ್ಟರ್ ಗ್ರಂಥಾಲಯವೂ ಲೆನಾಕ್ಸ್ ಗ್ರಂಥಾಲಯವೂ ಟಿಲ್ಡನ್ ನಿಧಿಯೂ ಸೇರಿ 1895ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವಾಯಿತು. ಬಾಗಿಲ ಮುಂದಿನ ಎರಡು ಕಲ್ಲಿನ ಸಿಂಹಗಳನ್ನು ಜನ ಮೊದಮೊದಲು ಕರೆಯುತ್ತಿದ್ದುದು ಲಿಯೋ ಆಸ್ಟರ್, ಲಿಯೋ ಲೆನಾಕ್ಸ್ ಎಂದೇ.

1970ರ ದಶಕದಲ್ಲಿ ನಗರವೇ ದಿವಾಳಿಯ ಅಂಚಿಗೆ ಬಂದಾಗ ಗ್ರಂಥಾಲಯ ಸೊರಗಿತು. ಬಾಗಿಲು ತೆರೆಯುವ ಸಮಯ ಕಡಿತವಾಯಿತು, ಕಟ್ಟಡಕ್ಕೆ ಮಸಿ ಹಿಡಿಯಿತು. ಬ್ರೂಕ್ ತಮ್ಮ ಹಣವನ್ನು ಮಾತ್ರವಲ್ಲ, ತಮ್ಮ ಗೆಳೆಯರ ಹಣವನ್ನೂ ತಂದರು. 1981ರಲ್ಲಿ ಗ್ರಂಥಾಲಯದ ಅಧ್ಯಕ್ಷರಾಗಿ ಬಂದ ವಾರ್ಟನ್ ಗ್ರೆಗೋರಿಯನ್ ಅವರೊಂದಿಗೆ ಸೇರಿ, ಗ್ರಂಥಾಲಯಕ್ಕೆ ದಾನ ಮಾಡುವುದನ್ನೇ ಪ್ರತಿಷ್ಠೆಯ ವಿಷಯ ಮಾಡಿಬಿಟ್ಟರು. 1983ರಲ್ಲಿ ಬೇರೆ ಬಹುತೇಕ ಸಂಸ್ಥೆಗಳ ಆಡಳಿತ ಮಂಡಳಿಗಳಿಂದ ಹೊರಬಂದು, ಇನ್ನು ಮುಂದೆ ತನ್ನ ಸಮಯ ಇದಕ್ಕೇ ಎಂದು ಪ್ರಕಟಿಸಿದರು. ಆಗ ಅವರಿಗೆ ಎಂಬತ್ತೊಂದು.

ಆಸ್ಟರ್ ಕೋರ್ಟ್ ಎಂದರೆ ನ್ಯಾಯಾಲಯವೇ?

ಅಲ್ಲ, ಅಂಗಳ. ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದ ಎರಡನೇ ಮಹಡಿಯಲ್ಲಿರುವ ಚೀನೀ ತೋಟ. ಪೀಕಿಂಗ್‌ನ ಬಾಲ್ಯ ನೆನಪಿದೆಯಲ್ಲ? ಸಂಗ್ರಹಾಲಯಕ್ಕೆ ಮಿಂಗ್ ಕಾಲದ ಪೀಠೋಪಕರಣಗಳು ಬಂದಾಗ, ಅವನ್ನು ಇಡಲು ಅಂಥದೇ ಒಂದು ಅಂಗಳ ಬೇಕು ಎಂದವರು ಬ್ರೂಕ್. ಸೂಝೌ ನಗರದ ಪ್ರಸಿದ್ಧ ತೋಟವೊಂದರ ಒಂದು ಮೂಲೆಯನ್ನು ಮಾದರಿಯಾಗಿ ಆರಿಸಿದರು. ಕಂಬಗಳಿಗೆ ನಾನ್ ಎಂಬ ಅಪರೂಪದ ಮರವನ್ನು ಇದಕ್ಕೆಂದೇ ಕಡಿದರು. ಹೆಂಚು ಸುಡಲು ಹಳೆಯ ಅರಮನೆ ಗೂಡನ್ನು ಮತ್ತೆ ಹೊತ್ತಿಸಿದರು. ಸೂಝೌದಿಂದ ಎರಡು ಡಜನ್‌ಗೂ ಹೆಚ್ಚು ಕುಶಲಕರ್ಮಿಗಳು ತಮ್ಮ ಉಪಕರಣಗಳೊಂದಿಗೆ ನ್ಯೂಯಾರ್ಕಿಗೆ ಬಂದು ಜೋಡಿಸಿದರು. 1981ರಲ್ಲಿ ಜನರಿಗೆ ತೆರೆಯಿತು. ಅಮೆರಿಕ ಮತ್ತು ಚೀನಾ ನಡುವೆ ರಾಜತಾಂತ್ರಿಕ ಸಂಬಂಧ ಕುದುರಿ ಆಗ ಎರಡೇ ವರ್ಷ.

ಪ್ರತಿಷ್ಠಾನ ಈಗಲೂ ಇದೆಯೇ?

ಇಲ್ಲ. 1997ರ ಕೊನೆಗೆ ಬ್ರೂಕ್ ಅದನ್ನು ಮುಚ್ಚಿದರು. ಹೂಡಿಕೆ ಬೆಳೆದದ್ದರಿಂದ ಆರಂಭದ ಮೊತ್ತಕ್ಕಿಂತ ಎಷ್ಟೋ ಹೆಚ್ಚನ್ನು ಕೊಟ್ಟಾಗಿತ್ತು. ಬಡ್ಡಿಯನ್ನಷ್ಟೇ ಕೊಟ್ಟು ಅಸಲನ್ನು ಶಾಶ್ವತವಾಗಿ ಉಳಿಸುವುದು ಇಂಥ ಪ್ರತಿಷ್ಠಾನಗಳ ಮಾಮೂಲು ದಾರಿ. ಅವರು ಅಸಲಿಗೇ ಕೈ ಹಾಕಿದರು. ಸ್ವತಃ ಹೋಗಿ ನೋಡಿ ಕೊಡುವ ಪದ್ಧತಿಯನ್ನು ಇನ್ನೊಬ್ಬರಿಗೆ ದಾಟಿಸಲಾಗದು ಎಂಬುದು ಅವರಿಗೆ ಗೊತ್ತಿತ್ತು ಎಂದು ನನ್ನ ಊಹೆ. 1998ರಲ್ಲಿ ಬ್ರೂಕ್ ಅವರಿಗೆ ಅಧ್ಯಕ್ಷ ಕ್ಲಿಂಟನ್ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕ ನೀಡಿದರು.

ಒಳ್ಳೆಯ ತಾಯಿಯಾಗಿದ್ದರೇ?

ಹಾಗೆ ಹೇಳಲಾರೆ. ಮಗ ಆಂಥೊನಿ ಹಾಸ್ಟೆಲ್ ಶಾಲೆಗಳಲ್ಲಿ ಬೆಳೆದ. ಮಲತಂದೆಯ ಮನೆಯಲ್ಲಿ ಅವನಿಗೆ ಜಾಗ ಕಡಿಮೆಯಿತ್ತು. ಮಾರ್ಷಲ್ ಎಂಬ ಅಡ್ಡಹೆಸರನ್ನು ಮಾತ್ರ ತಾನೇ ತೆಗೆದುಕೊಂಡ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಇವೋ ಜಿಮಾ ದ್ವೀಪದಲ್ಲಿ ಗಾಯಗೊಂಡ. ಮುಂದೆ ಮಡಗಾಸ್ಕರ್, ಕೀನ್ಯಾ ಮುಂತಾದ ದೇಶಗಳಲ್ಲಿ ಅಮೆರಿಕದ ರಾಯಭಾರಿಯಾದ. ನಂತರ ತಾಯಿಯ ಹಣಕಾಸು ನೋಡಿಕೊಳ್ಳುತ್ತ, ಬ್ರಾಡ್‌ವೇ ನಾಟಕಗಳಿಗೂ ಹಣ ಹೂಡಿದ. ಸಣ್ಣ ಮನುಷ್ಯನೇನಲ್ಲ. ಆದರೂ ಊರಿಗೆಲ್ಲ ಸಮಯವಿದ್ದ ತಾಯಿಗೆ ತನಗಾಗಿ ಸಮಯವಿರಲಿಲ್ಲ ಎಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

2006ರಲ್ಲಿ ನಡೆದದ್ದೇನು?

ಆ ಹೊತ್ತಿಗೆ ಬ್ರೂಕ್ 104ರ ಅಜ್ಜಿ, ಆಲ್ಜೈಮರ್ಸ್ ಕಾಯಿಲೆ ಬಂದು ವರ್ಷಗಳಾಗಿದ್ದವು. ಮೊಮ್ಮಗ ಫಿಲಿಪ್ ತನ್ನ ತಂದೆಯ ವಿರುದ್ಧವೇ ನ್ಯಾಯಾಲಯಕ್ಕೆ ಹೋದ. ಅಜ್ಜಿ ಹರಿದ ರಾತ್ರಿಯುಡುಪಿನಲ್ಲಿ, ಮೂತ್ರದ ವಾಸನೆಯ ಸೋಫಾದ ಮೇಲೆ ಮಲಗುತ್ತಾರೆ, ಅವರ ಅಚ್ಚುಮೆಚ್ಚಿನ ಎರಡು ಡ್ಯಾಷ್‌ಹಂಡ್ ನಾಯಿಗಳನ್ನು ಉಗ್ರಾಣದಲ್ಲಿ ಕೂಡಿಹಾಕಲಾಗಿದೆ ಎಂಬುದು ಅವನ ಆರೋಪ. ಡೇವಿಡ್ ರಾಕ್‌ಫೆಲರ್, ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕಿಸಿಂಜರ್, ಬ್ರೂಕ್ ಅವರ ಗೆಳತಿ ಆನೆಟ್ ಡೆ ಲಾ ರೆಂಟಾ ಅವನ ಬೆಂಬಲಕ್ಕೆ ನಿಂತರು.

ಒಂದು ವಿಷಯ ಸ್ಪಷ್ಟವಾಗಿರಲಿ. ಆರೈಕೆಯ ನಿರ್ಲಕ್ಷ್ಯದ ಆರೋಪ ಸಾಬೀತಾಗಿಲ್ಲ ಎಂದೇ ನ್ಯಾಯಾಧೀಶರು ಹೇಳಿದರು. ಪಾಲನೆಯ ವಿಷಯ ರಾಜಿಯಲ್ಲಿ ಮುಗಿದು, ಆನೆಟ್ ಪಾಲಕಿಯಾದರು, ಹಣಕಾಸು ಒಂದು ಬ್ಯಾಂಕಿಗೆ ಹೋಯಿತು. ಆದರೆ ಕಾಗದಪತ್ರ ಕೆದಕಿದಾಗ ಹೊರಬಂದದ್ದು ಬೇರೆ.

ಮಗನಿಗೆ ಶಿಕ್ಷೆಯಾದದ್ದು ಯಾವುದಕ್ಕೆ?

ಹಣದ ವ್ಯವಹಾರಕ್ಕೆ. ತಾಯಿಯ ಆಸ್ತಿ ನೋಡಿಕೊಳ್ಳುವುದಕ್ಕೆ ತನ್ನ ಸಂಬಳವನ್ನು ತಾನೇ, ಅದೂ ಹಿಂದಿನ ತಾರೀಖಿನಿಂದ ಅನ್ವಯವಾಗುವಂತೆ, ಏರಿಸಿಕೊಂಡದ್ದು ಅತಿ ಗಂಭೀರ ಆರೋಪ. 2004ರಲ್ಲಿ ಉಯಿಲಿಗೆ ಸೇರಿದ ತಿದ್ದುಪಡಿಗಳು ಇನ್ನೊಂದು. ಸಂಸ್ಥೆಗಳಿಗೆ ಹೋಗಬೇಕಾದದ್ದನ್ನು ಅವು ಮಗನ ಕೈಗೆ ತಿರುಗಿಸಿದ್ದವು. ಅವುಗಳಲ್ಲೊಂದಕ್ಕೆ ಬ್ರೂಕ್ ಅವರ ನಕಲಿ ಸಹಿ ಹಾಕಿದ್ದಕ್ಕೆ ವಕೀಲ ಫ್ರಾನ್ಸಿಸ್ ಮಾರಿಸ್ಸಿ ಕೂಡ ತಪ್ಪಿತಸ್ಥರಾದರು.

ನನ್ನನ್ನು ಕಾಡುವುದು ಚಿತ್ರದ ಕಥೆ. ಐದನೇ ಅವೆನ್ಯೂದಲ್ಲಿ ಧ್ವಜಗಳು ಹಾರುವ ಚೈಲ್ಡ್ ಹಾಸಮ್ ಅವರ ವರ್ಣಚಿತ್ರವನ್ನು ಬ್ರೂಕ್ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಮೀಸಲಿಟ್ಟಿದ್ದರು. 2002ರಲ್ಲಿ ಅದು 1 ಕೋಟಿ ಡಾಲರಿಗೆ ಮಾರಾಟವಾಯಿತು. ಮಗ 20 ಲಕ್ಷ ಡಾಲರ್ ದಲ್ಲಾಳಿ ಹಣ ತೆಗೆದುಕೊಂಡ. ಕೈ ಖಾಲಿಯಾಗುತ್ತಿದೆ ಎಂದು ಆಕೆಯನ್ನು ನಂಬಿಸಲಾಗಿತ್ತು ಎಂದು ಸರಕಾರಿ ವಕೀಲರು ವಾದಿಸಿದರು.

2009ರ ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ವಿಚಾರಣೆ ನಡೆದು, 16ರಲ್ಲಿ 14 ಆರೋಪಗಳು ಸಾಬೀತಾದವು. ಶಿಕ್ಷೆ ಒಂದರಿಂದ ಮೂರು ವರ್ಷ. ಮೇಲ್ಮನವಿ ಸೋತು 2013ರ ಜೂನ್‌ನಲ್ಲಿ ಜೈಲಿಗೆ ಹೋಗುವಾಗ ಆಂಥೊನಿಗೆ 89. ಅನಾರೋಗ್ಯದ ಕಾರಣ ಎರಡೇ ತಿಂಗಳಲ್ಲಿ ಬಿಡುಗಡೆ. ಮರುವರ್ಷ ನವೆಂಬರಿನಲ್ಲಿ ಸಾವು.

ಕೊನೆಗೆ ಆಸ್ತಿ ಯಾರಿಗೆ ಸೇರಿತು?

2012ರ ರಾಜಿಯಲ್ಲಿ ಮಗನ ಪಾಲು ಬಹಳ ಕಡಿತವಾಯಿತು. ದೊಡ್ಡ ಭಾಗ ಗ್ರಂಥಾಲಯ, ಸಂಗ್ರಹಾಲಯ ಮುಂತಾದ ಸಂಸ್ಥೆಗಳಿಗೇ ಹೋಯಿತು. ಮನೆಯ ಸಾಮಾನು, ಒಡವೆಗಳು ಅದೇ ವರ್ಷ ಹರಾಜಾದವು.

ಅವರನ್ನು ಎಲ್ಲಿ ಮಣ್ಣು ಮಾಡಿದ್ದಾರೆ?

ನ್ಯೂಯಾರ್ಕ್ ನಗರದ ಉತ್ತರಕ್ಕೆ, ಸ್ಲೀಪಿ ಹಾಲೋ ಸ್ಮಶಾನದಲ್ಲಿ, ವಿನ್ಸೆಂಟರ ಪಕ್ಕದಲ್ಲಿ. ನನ್ನ ಬದುಕು ಸೊಗಸಾಗಿತ್ತು ಎಂಬ ಅರ್ಥದ ಒಂದು ಸಾಲನ್ನು ಕಲ್ಲಿನ ಮೇಲೆ ಬರೆಯಬೇಕೆಂದು ಅವರೇ ಹೇಳಿಟ್ಟಿದ್ದರು.

ನ್ಯೂಯಾರ್ಕಿಗೆ ಹೋದವರು ಅವರ ಗುರುತನ್ನು ಎಲ್ಲಿ ನೋಡಬಹುದು?

ಗ್ರಂಥಾಲಯದ ಮುಖ್ಯ ಬಾಗಿಲು ದಾಟಿದರೆ ಸಿಗುವ ಅಮೃತಶಿಲೆಯ ಹಜಾರಕ್ಕೆ ಆಸ್ಟರ್ ಹಾಲ್ ಎಂದೇ ಹೆಸರು. ಆದರೆ ಒಂದೇ ಕಡೆ ಹೋಗಲು ಸಮಯವಿದ್ದರೆ ಸಂಗ್ರಹಾಲಯದ ಚೀನೀ ಅಂಗಳಕ್ಕೆ ಹೋಗಿ. ವಾರದ ನಡುವೆ, ಬೆಳಿಗ್ಗೆ ಬೇಗ. ದುಂಡು ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಹಿಂದಿನ ಕೋಣೆಗಳ ಗದ್ದಲ ನಿಂತುಹೋಗುತ್ತದೆ. ಒಂದು ಬದಿಗೆ ಮುಚ್ಚಿಗೆಯ ನಡೆದಾರಿ ಇದೆ. ಗಾಜಿನ ಮಾಡಿನಿಂದ ಬೀಳುವ ಬೆಳಕಿನಲ್ಲಿ ತೂತುತೂತಾದ ಕಲ್ಲುಗಳ ನೆರಳು ಬಿಳಿಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿರುತ್ತದೆ.